ಸೈಕಲ್ ಕ್ಲಬ್ಬಿನ ಪ್ರಶಸ್ತಿ ರಾತ್ರಿ, ಮರುದಿನದ ರೈಡ್: ತಯಾರಿಯಿಂದ ಲೆಕ್ಕಪತ್ರದವರೆಗೆ

ಸಮಾರಂಭ ಶುರುವಾದದ್ದು ರಾತ್ರಿ ಎಂಟೂವರೆಗೆ. ಊಟಕ್ಕೆ ಕೂತಾಗ ಹನ್ನೊಂದು. ಭಾನುವಾರ ಬೆಳಿಗ್ಗೆ ರೈಡಿಗೆ ಬಂದವರು ಏಳೇ ಜನ. ವರ್ಷವಿಡೀ ಒದ್ದಾಡಿ ಎಸ್‌ಆರ್ (ಸೂಪರ್ ರಾಂಡನರ್, ಅಂದರೆ ಒಂದೇ ಸೀಸನ್ನಿನಲ್ಲಿ ನಾಲ್ಕು ದೂರದ ರೈಡುಗಳು) ಮುಗಿಸಿದ ಒಬ್ಬರ ಹೆಸರು ಪಟ್ಟಿಯಲ್ಲೇ ಇರಲಿಲ್ಲ, ಇನ್ನೊಬ್ಬರ ಟ್ರೋಫಿಯ ಮೇಲೆ ಹೆಸರು ತಪ್ಪಾಗಿತ್ತು. ಹೊಸದಾಗಿ ಜವಾಬ್ದಾರಿ ಹೊತ್ತ ಸಮಿತಿಯವರು ಪ್ರತಿ ವರ್ಷ ನನ್ನ ಹತ್ತಿರ ಹೇಳಿಕೊಳ್ಳುವುದು ಹೆಚ್ಚುಕಡಿಮೆ ಇದನ್ನೇ. ನಾನು ಕಾರ್ಯದರ್ಶಿಯಾಗಿದ್ದ ಮೊದಲ ವರ್ಷವೂ ಇವುಗಳಲ್ಲಿ ಮೂರು ನಡೆದಿದ್ದವು.

ಇವರಲ್ಲಿ ಯಾರೂ ದುಡಿಯದೆ ಕೆಟ್ಟವರಲ್ಲ. ಕೆಲಸದ ಸರದಿ ಹಿಂದುಮುಂದಾಗಿತ್ತು. ಹಾಲ್ ಮೊದಲು, ಊಟ ಆಮೇಲೆ, ಪ್ರಶಸ್ತಿ ಪಟ್ಟಿ ಕೊನೆಯ ವಾರ ಅಂದುಕೊಂಡರೆ ಹೀಗೇ ಆಗುತ್ತದೆ. ಇಲ್ಲಿ ಹೇಳುವುದು ಬೆಂಗಳೂರಿನ ಸುಮಾರು 80 ಜನರ ಒಂದು ಕ್ಲಬ್ ಶನಿವಾರ ಶ್ರೀರಂಗಪಟ್ಟಣದ ಕಡೆ ಹೋಗಿ, ರಾತ್ರಿ ಪ್ರಶಸ್ತಿ ಕೊಟ್ಟು ಊಟ ಮಾಡಿ, ಭಾನುವಾರ ರೈಡ್ ಮುಗಿಸಿ ಊರಿಗೆ ಮರಳುವ ಲೆಕ್ಕ. ಊರು ಬೇರೆಯಾದರೂ ಸರದಿ ಇದೇ ಇರಲಿ.

ಹಂತ 1: ಭಾನುವಾರ ಬೆಳಗಿನಿಂದ ಹಿಂದಕ್ಕೆ ಬನ್ನಿ

ಒಂದು ಹಾಳೆ ತೆಗೆದುಕೊಂಡು ಕೆಳಗಿನಿಂದ ಮೇಲಕ್ಕೆ ಬರೆಯಿರಿ. ಭಾನುವಾರ 7 ಗಂಟೆಗೆ ರೈಡ್ ಹೊರಡಬೇಕು. ಹಾಗಾದರೆ ಶನಿವಾರ 10ಕ್ಕೆ ಎಲ್ಲರೂ ಹಾಸಿಗೆ ಸೇರಬೇಕು. ಹಾಗಾದರೆ 8ಕ್ಕೆ ಊಟ, 6:30ಕ್ಕೆ ಪ್ರಶಸ್ತಿ, 6ಕ್ಕೆ ಕಾಫಿ ಮತ್ತು ಬೋಂಡ, 4ರೊಳಗೆ ರೂಮಿನ ಕೀಲಿ ಕೈಗೆ, ಮಧ್ಯಾಹ್ನ 3ಕ್ಕೆ ಸೈಕಲ್ ಲಾರಿ ಬಂದಿರಬೇಕು. ಇಲ್ಲಿಂದ ಮುಂದಿನ ಯಾವ ತೀರ್ಮಾನವೂ ಈ ಹಾಳೆಗೆ ವಿರುದ್ಧವಾಗಿರಬಾರದು. ‘ಮುಖ್ಯ ಅತಿಥಿ ಎಂಟಕ್ಕೆ ಬರ್ತಾರಂತೆ’ ಅಂದರೆ ಬೇರೆ ಅತಿಥಿಯನ್ನು ಕರೆಯಿರಿ.

ಹಂತ 2: ದಿನಾಂಕ

ಬಿಆರ್‌ಎಂ (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ರೈಡು, ಚಿಕ್ಕದಾಗಿ ಬ್ರೆವೆ) ಓಡಿಸುವ ಕ್ಲಬ್ಬುಗಳಿಗೆ ವರ್ಷ ಮುಗಿಯುವುದು ಡಿಸೆಂಬರ್‌ನಲ್ಲಲ್ಲ. ಬ್ರೆವೆ ಸೀಸನ್ ನವೆಂಬರ್ 1ಕ್ಕೆ ಶುರುವಾಗಿ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಅಕ್ಟೋಬರ್ ಕೊನೆಯ ರೈಡುಗಳ ಫಲಿತಾಂಶ ಪ್ಯಾರಿಸ್‌ನ ಆಡಾಕ್ಸ್ ಕ್ಲಬ್ಬಿಗೆ ಹೋಗಿ ಮಾನ್ಯತೆಯ ಸಂಖ್ಯೆ ಬರಲು ಸಮಯ ಹಿಡಿಯುತ್ತದೆ. ನವೆಂಬರ್ ಮಧ್ಯಕ್ಕೇ ಸಮಾರಂಭ ಇಟ್ಟುಕೊಂಡರೆ ಖಚಿತವಾಗದ ಫಲಿತಾಂಶಕ್ಕೆ ಪದಕ ಕೊಡಬೇಕಾಗುತ್ತದೆ.

ಇನ್ನೊಂದು ಕಾರಣವೂ ಇದೆ. ಕಾರ್ತಿಕದಲ್ಲಿ ಮದುವೆಗಳು ಸಾಲು ಸಾಲು, ಛತ್ರ ಸಿಗುವುದಿಲ್ಲ, ಅಡುಗೆಯವರು ಸಿಗುವುದಿಲ್ಲ. ಡಿಸೆಂಬರ್ ಮಧ್ಯಕ್ಕೆ ಧನುರ್ಮಾಸ ಕಾಲಿಟ್ಟರೆ ಮದುವೆ ನಿಲ್ಲುತ್ತವೆ, ಛತ್ರಗಳು ಖಾಲಿ ಬೀಳುತ್ತವೆ, ಬಾಡಿಗೆಯ ಮಾತುಕತೆಯೂ ಸಲೀಸು. ಆದರೆ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಮೈಸೂರಿನ ಸುತ್ತಮುತ್ತ ರೂಮುಗಳಿಗೆ ಕೈ ಹಾಕುವಂತಿಲ್ಲ. ಹಾಗಾಗಿ ನನ್ನ ಆಯ್ಕೆ ಯಾವಾಗಲೂ ಜನವರಿಯ ಎರಡನೇ ಶನಿವಾರ. ಸರ್ಕಾರಿ ಕಚೇರಿಗೂ ಬ್ಯಾಂಕಿಗೂ ರಜೆ, ಚಳಿ ಹಿತವಾಗಿರುತ್ತದೆ. ಒಂದನ್ನು ಮಾತ್ರ ಪಂಚಾಂಗದಲ್ಲಿ ನೋಡಿಕೊಳ್ಳಿ: ಆ ಶನಿವಾರ ಸಂಕ್ರಾಂತಿಗೇ ತಾಗಿಕೊಂಡಿದ್ದರೆ ಜನ ಹಬ್ಬಕ್ಕೆ ಊರಿಗೆ ಹೊರಡುತ್ತಾರೆ. ಹಾಗಿದ್ದರೆ ಒಂದು ವಾರ ಹಿಂದಕ್ಕೆ ತನ್ನಿ.

ಹಂತ 3: ನಿಯಮ ಬರೆಯಿರಿ, ಪಟ್ಟಿ ಮುಚ್ಚಿರಿ

ಜಗಳ ಹುಟ್ಟುವುದು ಇಲ್ಲೇ, ಅದಕ್ಕೇ ಇದರ ಬಗ್ಗೆ ಹೆಚ್ಚು ಹೇಳುತ್ತೇನೆ. ಯಾವ ಪ್ರಶಸ್ತಿಗೆ ಏನು ಅರ್ಹತೆ ಎಂಬುದನ್ನು ಸೀಸನ್ ಶುರುವಾಗುವ ಮೊದಲೇ ಒಂದು ಪುಟದಲ್ಲಿ ಬರೆದು ಸದಸ್ಯರಿಗೆಲ್ಲ ಕಳಿಸಿರಬೇಕು. ಆ ಕೆಲಸ ಆಗಿಲ್ಲದಿದ್ದರೆ ಈ ವರ್ಷ ಸರಳವಾದ ನಾಲ್ಕೈದು ಪ್ರಶಸ್ತಿಗಳಿಗೇ ನಿಲ್ಲಿಸಿ. ವರ್ಷದ ಕೊನೆಯಲ್ಲಿ ಕೂತು ನಿಯಮ ಮಾಡಿದರೆ ಅದು ಯಾರದೋ ಹೆಸರಿಗೆ ಹೊಲಿಸಿದ ಅಂಗಿಯಂತೆ ಕಾಣುತ್ತದೆ.

ಎಸ್‌ಆರ್ ಪಟ್ಟಿ ಸುಲಭ. ಒಂದೇ ಸೀಸನ್ನಿನಲ್ಲಿ 200, 300, 400, 600 ಕಿಲೋಮೀಟರಿನ ನಾಲ್ಕೂ ಬ್ರೆವೆಗಳನ್ನು ಸಮಯದೊಳಗೆ ಮುಗಿಸಿರಬೇಕು. ಗಡುವು ಕ್ರಮವಾಗಿ 13 ಗಂಟೆ 30 ನಿಮಿಷ, 20, 27, 40 ಗಂಟೆ. ಬೇರೆ ಊರಿನ ಕ್ಲಬ್ಬಿನಲ್ಲಿ ಒಂದು ಬ್ರೆವೆ ಮಾಡಿದವರೇ ಪಟ್ಟಿಯಿಂದ ಬಿಟ್ಟುಹೋಗುವುದು. ನಿಮ್ಮ ಕ್ಲಬ್ಬಿನ ರೈಡ್ ಪಟ್ಟಿಯನ್ನಷ್ಟೇ ನೋಡಬೇಡಿ, ಪ್ರತಿಯೊಬ್ಬರನ್ನೂ ಕೇಳಿ.

ಬ್ರೆವೆ ರೇಸ್ ಅಲ್ಲ, ಅದರಲ್ಲಿ ಮೊದಲ ಸ್ಥಾನ ಎರಡನೇ ಸ್ಥಾನ ಎಂಬುದಿಲ್ಲ. ಆದ್ದರಿಂದ ‘ಅತಿ ವೇಗದ 200’ ಎಂಬ ಟ್ರೋಫಿ ದಯವಿಟ್ಟು ಇಡಬೇಡಿ. 13 ಗಂಟೆ 25 ನಿಮಿಷಕ್ಕೆ ಬಂದವರದೂ 8 ಗಂಟೆಗೆ ಬಂದವರದೂ ಒಂದೇ ಪದಕ. ಹೆಸರುಗಳನ್ನು ಅಕಾರಾದಿಯಲ್ಲಿ ಓದಿ. ವೇಗಕ್ಕೆ ಬಹುಮಾನ ಕೊಡಬೇಕೆಂದರೆ ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ಓಡುವ ಟೈಮ್ ಟ್ರಯಲ್‌ಗೆ ಕೊಡಿ, ನಂದಿ ಬೆಟ್ಟದ ಹತ್ತುವಿಕೆಗೆ ಕೊಡಿ.

‘ವರ್ಷದ ಅತಿ ಹೆಚ್ಚು ಕಿಲೋಮೀಟರ್’ ಪ್ರಶಸ್ತಿಗೆ ಎಚ್ಚರ ಬೇಕು. ರೈಡುಗಳನ್ನು ದಾಖಲಿಸುವ ಸ್ಟ್ರಾವಾ ಆ್ಯಪ್‌ನ ಕ್ಲಬ್ ಲೀಡರ್‌ಬೋರ್ಡ್ ವಾರದ ಲೆಕ್ಕ ತೋರಿಸುತ್ತದೆ, ವರ್ಷದ್ದಲ್ಲ. ಡಿಸೆಂಬರಿನಲ್ಲಿ ಕೂತು ಹುಡುಕಿದರೆ ಸಿಗುವುದಿಲ್ಲ. ಪ್ರತಿ ಸೋಮವಾರ ಒಬ್ಬರು ಅದನ್ನು ಶೀಟಿನಲ್ಲಿ ಬರೆದಿಟ್ಟುಕೊಳ್ಳಬೇಕು, ಇಲ್ಲವೇ ಸ್ಪರ್ಧೆಯಲ್ಲಿರುವವರೇ ತಮ್ಮ ಪ್ರೊಫೈಲಿನ ವರ್ಷದ ಮೊತ್ತ ಕಳಿಸಬೇಕು. ಬಂದ ಲೆಕ್ಕದಲ್ಲಿ ನೋಡಬೇಕಾದ ಸೂಚನೆಗಳು ಇವು:

- ಒಂದೇ ಹೊತ್ತಿನಲ್ಲಿ ಎರಡು ರೈಡ್ ಇವೆಯೇ. ಸೈಕಲ್ ಕಂಪ್ಯೂಟರ್ ಮತ್ತು ಫೋನ್ ಎರಡರಿಂದಲೂ ಅಪ್‌ಲೋಡ್ ಆಗಿ ದೂರ ದುಪ್ಪಟ್ಟಾಗಿರುತ್ತದೆ.
- ರೈಡಿನ ಕೊನೆಯಲ್ಲಿ ಇದ್ದಕ್ಕಿದ್ದಂತೆ 60 ಕಿಲೋಮೀಟರ್ ವೇಗ. ಸೈಕಲ್ ಕಾರಿಗೇರಿದ ಮೇಲೂ ರೆಕಾರ್ಡಿಂಗ್ ನಿಲ್ಲಿಸಲು ಮರೆತಿರುತ್ತಾರೆ.
- ಮನೆಯೊಳಗೆ ನಿಂತಲ್ಲೇ ತುಳಿಯುವ ಟ್ರೈನರ್ ಯಂತ್ರದ ದೂರ, ಇ-ಬೈಕ್ ದೂರ. ಇವೆರಡೂ ಸೇರುತ್ತವೆಯೇ ಇಲ್ಲವೇ ಎಂದು ನಿಯಮದಲ್ಲೇ ಇರಲಿ.

ಬಹುಪಾಲು ಇವು ಮರೆವಿನಿಂದ ಆಗುವಂಥವು. ಗುಂಪಿನಲ್ಲಿ ಕೇಳದೆ ಆ ಸವಾರರಿಗೆ ಫೋನ್ ಮಾಡಿ, ಅವರೇ ತಿದ್ದಿಕೊಡುತ್ತಾರೆ.

ರಾತ್ರಿ ಎರಡು ಗಂಟೆಗೆ ಹೆದ್ದಾರಿ ಬದಿಯ ಕಂಟ್ರೋಲ್ ಪಾಯಿಂಟಿನಲ್ಲಿ (ಬ್ರೆವೆ ಸವಾರರ ತಪಾಸಣೆಯ ಜಾಗ) ಕೂತು ಅವರ ಕಾರ್ಡಿಗೆ ಸೀಲು ಒತ್ತಿದವರು, ಪ್ರತಿ ಭಾನುವಾರ ಹೊಸಬರ ಹಿಂದೆ ನಿಧಾನವಾಗಿ ಬಂದವರು, ಇವರಿಗೆ ಒಂದು ಪ್ರಶಸ್ತಿ ಇರಲೇಬೇಕು. ನನ್ನ ಮಟ್ಟಿಗೆ ರಾತ್ರಿಯ ಕೊನೆಯ, ಎಲ್ಲಕ್ಕಿಂತ ದೊಡ್ಡ ಪ್ರಶಸ್ತಿ ಅದೇ. ‘ಅತಿ ಹೆಚ್ಚು ಪಂಕ್ಚರ್’, ‘ಸದಾ ಲೇಟು’ ಎಂಬ ತಮಾಷೆ ಪ್ರಶಸ್ತಿಗಳನ್ನು ಕೊಡುವ ಮುನ್ನ ಆ ವ್ಯಕ್ತಿಯನ್ನೇ ಕೇಳಿ. ಮೈ ತೂಕ, ವಯಸ್ಸು ಇವುಗಳ ಮೇಲಿನ ತಮಾಷೆ ಬೇಡವೇ ಬೇಡ. ಮನೆಯವರ ಮುಂದೆ ಮುಖ ಸಣ್ಣದು ಮಾಡಿಕೊಂಡು ವೇದಿಕೆ ಇಳಿದವರು ಮತ್ತೆ ಕ್ಲಬ್ಬಿನ ಕಡೆ ಬಾರದ್ದನ್ನು ನೋಡಿದ್ದೇನೆ.

ನವೆಂಬರ್ ಕೊನೆಗೆ ಕರಡು ಪಟ್ಟಿ ಎಲ್ಲರಿಗೂ ಕಳಿಸಿ. ಆಕ್ಷೇಪಣೆಗೆ ಹತ್ತು ದಿನ. ಡಿಸೆಂಬರ್ 10ಕ್ಕೆ ಪಟ್ಟಿ ಮುಚ್ಚಿತು ಎಂದು ತಿಳಿಸಿ, ಆಮೇಲೆ ಮುಟ್ಟಬೇಡಿ.

ಹಂತ 4: ದುಡ್ಡು

ಖರ್ಚನ್ನು ಎರಡು ಭಾಗ ಮಾಡಿ: ಎಷ್ಟೇ ಜನ ಬಂದರೂ ಬದಲಾಗದ್ದು, ತಲೆಗೆ ಇಷ್ಟೆಂದು ಬೀಳುವುದು. ಲೆಕ್ಕದ ಮಾದರಿಗೆ ಹೇಳುತ್ತೇನೆ, ದರ ನಿಮ್ಮ ಊರಿನದು ಹಾಕಿಕೊಳ್ಳಿ. ಹಾಲ್, ಮೈಕ್‌ಸೆಟ್, ಲಾರಿ ಸೇರಿ 48,000 ಆಯಿತೆನ್ನಿ. ಊಟ ಮತ್ತು ರೂಮು ತಲೆಗೆ 1,500. 80 ಜನ ಬರುತ್ತಾರೆಂದು ಭಾಗಿಸಿದರೆ ತಲೆಗೆ 600 ಸೇರಿ 2,100. ಆದರೆ ಬರುವವರು 60 ಆದರೆ 12,000 ಕೈಯಿಂದ ಹೋಗುತ್ತದೆ. ಆದ್ದರಿಂದ 60ಕ್ಕೇ ಭಾಗಿಸಿ, 2,300 ಎಂದು ಗೊತ್ತುಮಾಡಿ. 80 ಬಂದರೆ ಉಳಿಯುವ 16,000 ಮುಂದಿನ ವರ್ಷದ ಹಾಲ್ ಮುಂಗಡ.

ಟ್ರೋಫಿಯ ಖರ್ಚನ್ನು ಟಿಕೆಟ್ಟಿಗೆ ಸೇರಿಸಬೇಡಿ, ಅದು ಸದಸ್ಯತ್ವದ ಹಣದಿಂದ ಹೋಗಲಿ. ಊಟಕ್ಕೆ ಬರಲು ಕೈಲಾಗದವರಿಗೂ ಪದಕ ಸಿಗಬೇಕು. ಹೆಸರು ಕೊಟ್ಟವರು ಹಣ ಕಟ್ಟಿದ ಮೇಲಷ್ಟೇ ಲೆಕ್ಕಕ್ಕೆ; ವಾಟ್ಸ್ಆ್ಯಪ್ ಪೋಲಿನಲ್ಲಿ ‘ಬರ್ತೀನಿ’ ಒತ್ತಿದ್ದನ್ನು ತಲೆ ಎಣಿಕೆಗೆ ಹಿಡಿದರೆ ಕೆಟ್ಟಿರಿ.

ಹಂತ 5: ಜಾಗ

ಸೆಪ್ಟೆಂಬರಿನಲ್ಲೇ ಹೋಗಿ ಕಣ್ಣಾರೆ ನೋಡಿ. ಫೋನಿನಲ್ಲಿ ಕೇಳಿ ಮುಂಗಡ ಕಟ್ಟಬೇಡಿ. ಕೇಳಬೇಕಾದ್ದು: 40 ಸೈಕಲ್ ಒಳಗೆ ನಿಲ್ಲಿಸಿ ಬೀಗ ಹಾಕಲು ಕೋಣೆ ಇದೆಯೇ? ಜನರೇಟರ್ ಮೈಕಿಗೂ ಸಾಲುತ್ತದೆಯೇ, ಬರೀ ಲೈಟಿಗೋ? ಬಿಸಿನೀರು ಬೆಳಿಗ್ಗೆ ಎಷ್ಟು ಗಂಟೆಯಿಂದ? ಹೇಳಿದ ದರ ಜಿಎಸ್‌ಟಿ ಸೇರಿಸಿಯೋ? ಹೊರಗಿನ ಅಡುಗೆಯವರನ್ನು ಬಿಡುತ್ತಾರೆಯೇ? ಉತ್ತರಗಳೆಲ್ಲ ರಸೀದಿಯ ಹಿಂದೆ ಬರೆದು ಸಹಿಯಾಗಲಿ. ನಮಗೆ ಒಮ್ಮೆ ಒಂದು ಛತ್ರದವರು ಸೈಕಲ್ ಕೋಣೆ ಎಂದು ತೋರಿಸಿದ್ದನ್ನೇ ಆ ದಿನ ಅಡುಗೆ ಸಾಮಾನಿನ ಕೋಣೆ ಮಾಡಿದ್ದರು. ಬರವಣಿಗೆಯಲ್ಲಿ ಇಲ್ಲದ್ದರಿಂದ ನಾವು ಮಾತಾಡುವಂತಿರಲಿಲ್ಲ, ಇಬ್ಬರು ಹುಡುಗರು ರಾತ್ರಿಯೆಲ್ಲ ಅಂಗಳದಲ್ಲಿ ಸೈಕಲ್ ಕಾದರು.

ಬಯಲಿನಲ್ಲಿ ಧ್ವನಿವರ್ಧಕ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಕಾನೂನಿನಂತೆಯೇ ನಿಷಿದ್ಧ. ಮದ್ಯ ಕೊಡುವ ಯೋಚನೆಯಿದ್ದರೆ ಅಬಕಾರಿ ಇಲಾಖೆಯಿಂದ ಆ ದಿನದ ಮಟ್ಟಿಗಿನ ಸಿಎಲ್-5 ಲೈಸೆನ್ಸ್ ಬೇಕು, ‘ನಮ್ಮದು ಖಾಸಗಿ ಪಾರ್ಟಿ’ ಎಂಬ ಮಾತು ನಡೆಯುವುದಿಲ್ಲ. ಮರುದಿನ ರೈಡ್ ಇರುವ ರಾತ್ರಿ ಅದಿಲ್ಲದಿದ್ದರೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಬ್ಯಾನರ್ ಬಟ್ಟೆಯದಿರಲಿ, ಇಸವಿ ಬರೆಸದಿದ್ದರೆ ಹತ್ತು ವರ್ಷ ಬರುತ್ತದೆ.

ಹಂತ 6: ಟ್ರೋಫಿ ಮತ್ತು ಹೆಸರು

ಪಟ್ಟಿ ಮುಚ್ಚಿದ ಮರುದಿನವೇ ಆರ್ಡರ್. ಪ್ರತಿಯೊಬ್ಬರಿಂದ ತಮ್ಮ ಹೆಸರನ್ನು ಕನ್ನಡದಲ್ಲಿ ಅವರ ಕೈಯಿಂದಲೇ ಬರೆಸಿಕೊಳ್ಳಿ. ಶೃತಿಯೋ ಶ್ರುತಿಯೋ, ಮಂಜುನಾಥ್‌ ಅವರ ಇನಿಷಿಯಲ್ ಹೆಸರಿಗೆ ಮೊದಲೋ ಆಮೇಲೋ, ನೀವು ಊಹಿಸಬೇಡಿ.

ಕೆತ್ತುವ ಅಂಗಡಿಗಳಲ್ಲಿ ಇನ್ನೂ ಹಳೆಯ ನುಡಿ ಫಾಂಟುಗಳೇ ಹೆಚ್ಚು. ನೀವು ಫೋನಿನಿಂದ ಯೂನಿಕೋಡಿನಲ್ಲಿ ಕಳಿಸಿದ ಹೆಸರು ಅಲ್ಲಿ ಒಡೆದುಹೋಗುತ್ತದೆ. ಅರ್ಕಾವತ್ತು, ಒತ್ತಕ್ಷರಗಳೇ ಮೊದಲ ಬಲಿ. ‘ಕೀರ್ತಿ’, ‘ಹರ್ಷ’, ‘ಲಕ್ಷ್ಮೀ’ ಇಂಥ ಹೆಸರುಗಳನ್ನು ಬೇರೆಯಾಗಿ ಗುರುತು ಮಾಡಿಕೊಳ್ಳಿ. ಅಕ್ಷರ ಕಳಿಸುವ ಬದಲು ಪಿಡಿಎಫ್ ಕಳಿಸಿ, ಕೆತ್ತುವ ಮೊದಲು ಪರದೆಯ ಫೋಟೊ ತರಿಸಿಕೊಂಡು ಇಬ್ಬರು ಓದಿ. ಓದುವವರಲ್ಲಿ ಒಬ್ಬರು ಪಟ್ಟಿ ಮಾಡದವರಾಗಿರಲಿ. ಟ್ರೋಫಿಗಳು ಹತ್ತು ದಿನ ಮುಂಚೆ ಕೈಯಲ್ಲಿರಬೇಕು, ತಪ್ಪಾದರೆ ತಿದ್ದಿಸಲು ಅಷ್ಟು ಬೇಕು.

ಹಂತ 7: ಊಟ

ಮಂಡ್ಯ ಸೀಮೆಗೆ ಹೋಗುತ್ತೀರಿ ಎಂದಮೇಲೆ ಮುದ್ದೆ, ನಾಟಿಕೋಳಿ ಸಾರು ಬೇಕೆಂದು ಎಲ್ಲರೂ ಹೇಳುತ್ತಾರೆ. ಆದರೆ ಆ ದಿನ ಶನಿವಾರ. ಉಳಿದ ದಿನ ಮಾಂಸ ತಿನ್ನುವ ಎಷ್ಟೋ ಮನೆಗಳಲ್ಲಿ ಶನಿವಾರ ಮುಟ್ಟುವುದಿಲ್ಲ. ಜನವರಿ ಮೊದಲ ಎರಡು ವಾರ ಅಯ್ಯಪ್ಪ ಮಾಲೆ ಹಾಕಿದವರೂ ಇರುತ್ತಾರೆ. ‘ವೆಜ್ಜೋ ನಾನ್‌ವೆಜ್ಜೋ’ ಎಂದು ಕೇಳಿದರೆ ತಪ್ಪು ಉತ್ತರ ಬರುತ್ತದೆ. ‘ಆ ಶನಿವಾರ ರಾತ್ರಿ ನಿಮ್ಮ ಎಲೆಗೆ ಏನು’ ಎಂದು ಕೇಳಿ. ನಾನು ಈಗ ಶನಿವಾರ ರಾತ್ರಿ ಪೂರ್ತಿ ಸಸ್ಯಾಹಾರ, ಭಾನುವಾರ ರೈಡ್ ಮುಗಿದ ಮೇಲೆ ಮಧ್ಯಾಹ್ನ ಬಾಡೂಟ ಎಂದು ಮಾಡಿದ್ದೇನೆ. ದೂರೇ ಇಲ್ಲ, ರಾತ್ರಿ ಹೊಟ್ಟೆ ಭಾರವೂ ಇಲ್ಲ.

ಅಡುಗೆಯವರಿಗೆ ಒಂದು ಮಾತು ಮೊದಲೇ ಹೇಳಿಡಿ: ಸವಾರರು ಮದುವೆ ಮನೆಯವರಂತೆ ಅಲ್ಲ, ಅನ್ನ ಮೊಸರು ಹೆಚ್ಚು ಹೋಗುತ್ತದೆ, ಸಿಹಿ ಕಡಿಮೆ. ಬಫೆ ಸಾಲು ಒಂದೇ ಇದ್ದರೆ 80 ಜನಕ್ಕೆ ಮುಕ್ಕಾಲು ಗಂಟೆ ಬೇಕಾದೀತು, ಎರಡು ಸಾಲು ಹಾಕಿಸಿ. ಮಕ್ಕಳಿಗೆ 7:30ಕ್ಕೇ ಬಡಿಸಿಬಿಡಿ. ಅಂತಿಮ ಎಲೆ ಲೆಕ್ಕ ಗುರುವಾರ ಸಂಜೆಗೆ ಕೊಡಿ, ಆಮೇಲೆ ಫೋನ್ ಮಾಡುವವರಿಗೆ ಜಾಗ ಇಲ್ಲ ಎನ್ನುವ ಧೈರ್ಯ ಇರಲಿ. ಬೆಳಿಗ್ಗೆ 6:15ಕ್ಕೆ ಕಾಫಿ, ಬಾಳೆಹಣ್ಣು. ಇದನ್ನು ಒಪ್ಪಂದದಲ್ಲಿ ಬರೆಸದಿದ್ದರೆ ಅಡುಗೆಯವರು ಏಳಕ್ಕೆ ಏಳುತ್ತಾರೆ.

ಹಂತ 8: ಸೈಕಲ್ ಸಾಗಣೆ

ರೈಲಿನಲ್ಲಿ ತರುತ್ತೇವೆ ಎನ್ನುವವರಿಗೆ ತಿಳಿಸಿ: ಸೈಕಲ್ಲನ್ನು ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಬೇಕು, ಸಣ್ಣ ನಿಲ್ದಾಣದಲ್ಲಿ ಗಾಡಿ ನಿಲ್ಲುವ ಒಂದೆರಡು ನಿಮಿಷದಲ್ಲಿ ಇಳಿಸಿಕೊಳ್ಳುವುದು ಕಷ್ಟ. ಮುಚ್ಚಿದ ಒಂದು ಕ್ಯಾಂಟರ್ ಮಾಡಿಕೊಂಡರೆ ನೆಮ್ಮದಿ.

ಬೇಕಾದ ಸಾಮಾನು: ಹಳೆಯ ಕಂಬಳಿ, ರಟ್ಟು, ಹತ್ತಿಯ ಹಗ್ಗ, ಪ್ರತಿ ಸೈಕಲ್ಲಿಗೆ ಸಂಖ್ಯೆಯ ಚೀಟಿ, ಆಲನ್ ಕೀ ಸೆಟ್, ಫ್ಲೋರ್ ಪಂಪ್. ಸೈಕಲ್ಲುಗಳನ್ನು ನಿಲ್ಲಿಸಿ, ಒಂದರ ಹ್ಯಾಂಡಲ್ ಇನ್ನೊಂದರ ಸೀಟಿನ ಕಡೆ ಬರುವಂತೆ ಜೋಡಿಸಿ, ನಡುವೆ ಕಂಬಳಿ ಕೊಡಿ. ಮಲಗಿಸಲೇಬೇಕಾಗಿ ಬಂದರೆ ಡಿರೇಲರ್ (ಗೇರ್ ಬದಲಿಸುವ ಭಾಗ) ಇರುವ ಬಲಬದಿ ಮೇಲಿರಲಿ. ಕಾರ್ಬನ್ ಫ್ರೇಮಿನ ನಡುಕೊಳವೆಗೆ ಹಗ್ಗ ಬಿಗಿಯಬೇಡಿ, ಸೀಟ್‌ಪೋಸ್ಟಿಗೆ ಕಟ್ಟಿ. ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಚಕ್ರ ಬಿಚ್ಚಿದ ಮೇಲೆ ಯಾರಾದರೂ ಬ್ರೇಕ್ ಒತ್ತಿದರೆ ಪ್ಯಾಡುಗಳು ಕೂಡಿಕೊಂಡು ಚಕ್ರ ಮತ್ತೆ ಕೂರುವುದಿಲ್ಲ. ಪ್ಯಾಡುಗಳ ನಡುವೆ ರಟ್ಟಿನ ತುಂಡು ಸಿಕ್ಕಿಸಿ. ಬಿಚ್ಚಿದ ಆಕ್ಸಲ್ ಅದರ ಫ್ರೇಮಿಗೇ ಟೇಪ್ ಹಾಕಿ ಅಂಟಿಸಿ, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿದರೆ ಬೆಳಿಗ್ಗೆ ಯಾರದು ಯಾವುದೆಂದು ತಿಳಿಯದು.

ಬೆಂಗಳೂರಿನಿಂದ ತುಳಿದುಕೊಂಡೇ ಬರುವವರಿಗೆ ಇನ್ನೊಂದು ಎಚ್ಚರಿಕೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್ ಜೊತೆ ಸೈಕಲ್ಲಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಬರಬೇಕು.

ಹಂತ 9: ಶನಿವಾರ ಸಂಜೆ

ಒಂದು ಪ್ರಶಸ್ತಿಗೆ ಹೆಸರು ಕರೆದು, ಬಂದು, ಫೋಟೊ ತೆಗೆದು ಇಳಿಯಲು ಎರಡು ನಿಮಿಷ. 22 ಪ್ರಶಸ್ತಿಗೆ 44 ನಿಮಿಷ. ಎಸ್‌ಆರ್ ಪದಕದವರನ್ನು ಎಂಟೆಂಟು ಜನರ ಗುಂಪಾಗಿ ಕರೆಯಿರಿ. ಅತಿಥಿಗೆ ಹತ್ತು ನಿಮಿಷ, ಅಧ್ಯಕ್ಷರಿಗೆ ಐದು, ಪ್ರಾಯೋಜಕರಿಗೆ ನಿರೂಪಕರ ಬಾಯಲ್ಲೇ ಒಂದು ಕೃತಜ್ಞತೆ. ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ.

ಮೇಜಿನ ಮೇಲೆ ಟ್ರೋಫಿಗಳು ಕರೆಯುವ ಕ್ರಮದಲ್ಲೇ ಇರಲಿ, ಕೆಳಗೆ ಸಂಖ್ಯೆ ಅಂಟಿಸಿ. ನಿರೂಪಕರಿಗೆ ಪ್ರತಿ ಹೆಸರಿನ ಜೊತೆ ಒಂದು ಸಾಲು ಬರೆದುಕೊಡಿ: ‘400ರಲ್ಲಿ ಎರಡು ಸಲ ಮುಗಿಸಲಾಗದೆ ಮೂರನೇ ಸಲ ಮುಗಿಸಿದವರು’. ಈ ಒಂದು ಸಾಲಿಗಾಗಿಯೇ ಅವರ ಅಪ್ಪ ಅಮ್ಮ, ಹೆಂಡತಿ, ಗಂಡ, ಮಕ್ಕಳು ಅಷ್ಟು ದೂರ ಬಂದಿರುತ್ತಾರೆ.

ಆ ವರ್ಷ ಕ್ಲಬ್ ಯಾರನ್ನಾದರೂ ಕಳೆದುಕೊಂಡಿದ್ದರೆ ಸ್ವಾಗತಕ್ಕೂ ಮೊದಲು ಒಂದು ನಿಮಿಷದ ಮೌನ. ಮನೆಯವರಿಗೆ ವಾರ ಮುಂಚೆ ಹೋಗಿ ತಿಳಿಸಿ, ಬರುವುದೂ ಬಿಡುವುದೂ ಅವರ ಇಷ್ಟ. ಫೋಟೊ ಅವರಿಂದಲೇ ಕೇಳಿ ಪಡೆಯಿರಿ.

ಅಪಾಯದ ಸೂಚನೆ: 7:15 ಆದರೂ ಅರ್ಧ ಪಟ್ಟಿ ಮುಗಿದಿಲ್ಲವೆಂದರೆ ಭಾಷಣ ಬಿಡಿ, ಪ್ರಶಸ್ತಿ ಬಿಡಬೇಡಿ.

ಹಂತ 10: ಭಾನುವಾರದ ರೈಡ್

ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವಾಗ ಆರೂಮುಕ್ಕಾಲು. ಕಬ್ಬು ಕಡಿಯುವ ಕಾಲ, ಹಿಂದೆ ಲೈಟಿಲ್ಲದ ಗಾಡಿಗಳು, ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು, ಅದರ ಮೇಲೆ ಮಂಜು. ಬೆಂಗಳೂರಿನ ಅಭ್ಯಾಸದಂತೆ ಐದೂವರೆಗೆ ಹೊರಡಬೇಡಿ. ಏಳಕ್ಕೆ ಹೊರಟರೂ ಹಿಂದಿನ ಕೆಂಪು ದೀಪ ಉರಿಯುತ್ತಿರಲಿ.

ಮೂರು ಗುಂಪು ಮಾಡಿ. ಮಕ್ಕಳು, ಮನೆಯವರು, ಬಾಡಿಗೆ ಸೈಕಲ್ಲಿನವರು ಶ್ರೀರಂಗಪಟ್ಟಣದ ದ್ವೀಪದೊಳಗೇ: ದರಿಯಾ ದೌಲತ್, ಗುಂಬಜ್, ಗಂಜಾಂನ ನಿಮಿಷಾಂಬ ದೇವಸ್ಥಾನ, ಸಂಗಮ. ಸಮತಟ್ಟು, ದೂರವೂ ಕಡಿಮೆ. ಸಂಗಮದಲ್ಲಿ ನೀರಿಗೆ ಇಳಿಯುವಂತಿಲ್ಲ ಎಂದು ಹೊರಡುವ ಮುನ್ನವೇ ಹೇಳಿ. ನಡುವಿನ ಗುಂಪು ಪಾಂಡವಪುರ ದಾಟಿ ತೊಣ್ಣೂರು ಕೆರೆಗೆ. ಗಟ್ಟಿಗರು ಸುಮಾರು 35 ಕಿಲೋಮೀಟರ್ ದೂರದ ಮೇಲುಕೋಟೆಗೆ, ಕೊನೆಯ ಹತ್ತುವಿಕೆ ಅವರಿಗೆ ಸಾಕು, ಮೇಲೆ ಪುಳಿಯೋಗರೆ ಕಾದಿರುತ್ತದೆ.

ನಕ್ಷೆಯಲ್ಲಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ ರಸ್ತೆ ಚೆಂದ ಕಾಣುತ್ತದೆ. ಗುಂಪಾಗಿ ಅಲ್ಲಿ ಹೋಗಬೇಡಿ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ಈ ನಾಲೆಗೆ ಬಿದ್ದು 30 ಜನ ಸತ್ತರು. ತಡೆಗೋಡೆಯಿಲ್ಲದ ಏರಿಯ ಮೇಲೆ ಎದುರಿಗೆ ಟ್ರ್ಯಾಕ್ಟರ್ ಬಂದರೆ ಸೈಕಲ್ಲಿಗೆ ಸರಿಯಲು ಜಾಗವಿರುವುದಿಲ್ಲ.

ಒಂದು ಗುಂಪಿಗೆ 12 ಜನ ಮೀರದಿರಲಿ. ಮುಂದೊಬ್ಬ ದಾರಿ ಬಲ್ಲವರು, ಹಿಂದೊಬ್ಬ ಸ್ವೀಪ್, ಅಂದರೆ ಯಾರೂ ಹಿಂದುಳಿಯದಂತೆ ಕೊನೆಯಲ್ಲಿ ಬರುವವರು. ಸ್ವೀಪ್ ಹತ್ತಿರ ಎರಡು ಅಳತೆಯ ಟ್ಯೂಬ್, ಪಂಪ್, ಚೈನ್ ಟೂಲ್, ಕ್ವಿಕ್ ಲಿಂಕ್, ಬ್ಯಾಂಡೇಜ್. ಹೆಲ್ಮೆಟ್ ಇಲ್ಲದವರು ಹೊರಡುವಂತಿಲ್ಲ, ಅಧ್ಯಕ್ಷರಾದರೂ ಸರಿ. ತುರ್ತಿಗೆ 112, ಆಂಬುಲೆನ್ಸಿಗೆ 108. ಹೊರಟವರ ಸಂಖ್ಯೆ ಬರೆದುಕೊಂಡು, ಮರಳಿದವರನ್ನು ಎಣಿಸಿದ ಮೇಲಷ್ಟೇ ಬಾಡೂಟದ ಎಲೆ ಹಾಕಿಸಿ.

ಹಂತ 11: ಲೆಕ್ಕ, ವಾಪಸು, ಕಡತ

ಕ್ಯಾಂಟರಿಗೆ ಏರಿಸುವಾಗ ಚೀಟಿಯ ಸಂಖ್ಯೆ ಓದಿ ಗುರುತು ಹಾಕಿ. ರೂಮು, ಸೈಕಲ್ ಕೋಣೆ, ಹಾಲಿನ ಪ್ಲಗ್ಗುಗಳನ್ನು ಒಬ್ಬರು ಸುತ್ತಿ ನೋಡಲಿ, ಸೈಕಲ್ ಕಂಪ್ಯೂಟರಿನ ಚಾರ್ಜರ್‌ಗಳು ಉಳಿಯುವುದು ಅಲ್ಲೇ. ಬಾರದವರ ಟ್ರೋಫಿಗಳನ್ನು ಯಾರು ತಲುಪಿಸುತ್ತಾರೆಂದು ಅಲ್ಲಿಯೇ ಹೆಸರು ಹಿಡಿದು ಬರೆಯಿರಿ.

ಏಳು ದಿನದೊಳಗೆ ಲೆಕ್ಕ ಸದಸ್ಯರ ಮುಂದಿರಬೇಕು, ರಸೀದಿಗಳ ಫೋಟೊ ಸಮೇತ. ಆಮೇಲೆ ಒಂದು ಕಡತ ಮಾಡಿ: ಅಡುಗೆಯವರು, ಮೈಕ್‌ಸೆಟ್‌ನವರು, ಕ್ಯಾಂಟರ್ ಚಾಲಕರ ನಂಬರು, ಕೊಟ್ಟ ದರ, ಎಲೆ ಲೆಕ್ಕಕ್ಕೂ ಉಂಡವರ ಲೆಕ್ಕಕ್ಕೂ ಇದ್ದ ವ್ಯತ್ಯಾಸ, ಭಾನುವಾರದ ಮೂರು ದಾರಿಗಳ ಜಿಪಿಎಕ್ಸ್ (ಜಿಪಿಎಸ್ ದಾರಿ) ಫೈಲು, ಏನೇನು ಎಡವಟ್ಟಾಯಿತು ಎಂಬ ಅರ್ಧ ಪುಟ. ಫೆಬ್ರವರಿಯ ಸಭೆಯಲ್ಲಿ ಅದು ಮುಂದಿನ ಕಾರ್ಯದರ್ಶಿಯ ಕೈಗೆ ಹೋಗಬೇಕು, ವರ್ಷ ವರ್ಷ ಕೈ ಬದಲಾಗುವ ರೋಲಿಂಗ್ ಟ್ರೋಫಿ ಯಾರ ಮನೆಯಲ್ಲಿದೆ ಎಂಬ ಚೀಟಿಯೊಂದಿಗೆ.